ಗುಲ್ಮಾರ್ಗ್‌ನಲ್ಲಿ ಮೊದಲ ಸಲ ಸ್ಕೀ: ಬೂಟು ಮೊದಲು, ಗಂಡೋಲಾ ಆಮೇಲೆ

ಶ್ರೀನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ತರುವ ಪ್ಯಾಕೇಜಿನಲ್ಲಿ 'ಗುಲ್ಮಾರ್ಗ್ ಸ್ಕೀಯಿಂಗ್' ಅಂತ ಬರೆದಿದ್ದರೆ ಏನಾಗುತ್ತದೆ ಗೊತ್ತೇ? ದಾರಿಯಲ್ಲಿ ಸಿಗುವ ತಂಗ್‌ಮಾರ್ಗ್‌ನಲ್ಲಿ ಬಾಡಿಗೆ ಗಂಬೂಟು, ಓವರ್‌ಕೋಟು ಹಾಕಿಸುತ್ತಾರೆ. ಮೇಲೆ ಹೋದಮೇಲೆ ಕಾಲಿಗೆ ಸ್ಕೀ ಕಟ್ಟಿ, ಕೈ ಹಿಡಿದು ಹತ್ತಿಪ್ಪತ್ತು ಮಾರು ಎಳೆದುಕೊಂಡು ಹೋಗಿ, ಫೋಟೋ ತೆಗೆದು ಕಳಿಸುತ್ತಾರೆ. ಫೋಟೋ ಸಾಕು ಅನ್ನುವವರಿಗೆ ಅಡ್ಡಿಯಿಲ್ಲ. ಸ್ಕೀ ಕಲಿಯಬೇಕು ಅಂತಿದ್ದರೆ ಗುಲ್ಮಾರ್ಗ್‌ನಲ್ಲೇ ಉಳಿದು ಕನಿಷ್ಠ ನಾಲ್ಕು ಪೂರ್ತಿ ದಿನ ಹಿಮದ ಮೇಲೆ ಕಳೆಯಬೇಕು. ಎರಡನೇ ದಿನ ಮೈಯೆಲ್ಲ ನೋವು, ಮೂರನೇ ದಿನ ತಿರುವು ಕೈಗೆ ಹತ್ತುತ್ತದೆ. ಹೆಚ್ಚಿನವರು ವಾಪಸ್ ಹೊರಡುವುದು ಎರಡನೇ ದಿನವೇ.

ಯಾವಾಗ ಹೋಗಬೇಕು? ಕಾಶ್ಮೀರಿಗಳ ಲೆಕ್ಕದಲ್ಲಿ ಡಿಸೆಂಬರ್ 21ರಿಂದ 40 ದಿನ 'ಚಿಲ್ಲಾ-ಇ-ಕಲಾನ್', ಅಂದರೆ ಕಡು ಚಳಿಗಾಲ. ಆ ಅವಧಿಯಲ್ಲಿ ಬಿದ್ದ ಹಿಮ ಕರಗದೆ ಹೆಪ್ಪುಗಟ್ಟಿ ತಳ ಹಾಕುತ್ತದೆ. ಆ ತಳದ ಮೇಲೆ ಹೊಸ ಹಿಮ ಬಿದ್ದಾಗ ಸ್ಕೀ ಚೆನ್ನಾಗಿ ಜಾರುತ್ತದೆ. ಹಾಗಾಗಿ ನನ್ನ ಮತ ಫೆಬ್ರವರಿಗೆ. ಕ್ರಿಸ್‌ಮಸ್ ಹೊತ್ತಿಗೆ ಟಿಕೆಟ್ ಮಾಡಿಸುವುದು ಜೂಜು. 2024ರ ಜನವರಿಯ ಮೊದಲ ವಾರಗಳಲ್ಲಿ ಗುಲ್ಮಾರ್ಗ್‌ನ ಬಯಲು ಒಣಹುಲ್ಲಿನ ಕಂದುಬಣ್ಣದಲ್ಲೇ ಇತ್ತು. ಮಾರ್ಚ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಕೆಸರಾಗುತ್ತದೆ, ಬೆಳಗಿನ ಹೊತ್ತು ಮಾತ್ರ ಆಡಬಹುದು.

ಹೋಗುವ ದಾರಿ ಸರಳ, ಆದರೆ ಹವಾಮಾನ ಕೈಕೊಡುತ್ತದೆ. ಮಂಜು ಕವಿದರೆ, ಹಿಮ ಬಿದ್ದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. ಬೆಂಗಳೂರಿಗೆ ಮರಳಿ ಸೋಮವಾರ ಆಫೀಸಿಗೆ ಹಾಜರಾಗಬೇಕಾದವರು ಶ್ರೀನಗರದಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಿ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ರೈಲೂ ಇದೆ. ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ. ತಂಗ್‌ಮಾರ್ಗ್‌ನಿಂದ ಮೇಲಕ್ಕೆ ತಿರುವಿನ ಘಟ್ಟ. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳನ್ನು ಅಥವಾ ಫೋರ್ ಬೈ ಫೋರ್‌ಗಳನ್ನು ಮಾತ್ರ ಬಿಡುತ್ತಾರೆ. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 700 ಮೀಟರ್ ಮೇಲೆ. ಮೊದಲ ದಿನ ಸುಮ್ಮನೆ ಅಡ್ಡಾಡಿ, ನೀರು ಕುಡಿಯಿರಿ, ಮದ್ಯ ಬೇಡ.

ಈಗ ಸ್ಕೀ ಬೂಟಿನ ವಿಷಯ. ಮೊದಲ ಸಲ ಬಂದವರ ಅರ್ಧ ಕಷ್ಟ ಹುಟ್ಟುವುದೇ ಇಲ್ಲಿ. ಚಳಿ ಅಂತ ಎರಡೆರಡು ಕಾಲುಚೀಲ ಹಾಕುತ್ತಾರೆ. ಹಾಕಬೇಡಿ, ಒಳಗೆ ಬಿಗಿಯಾಗಿ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಜೊತೆಗೆ ಬೊಬ್ಬೆ. ಮೊಣಕಾಲಿನವರೆಗೆ ಬರುವ ಒಂದೇ ಜೊತೆ ತೆಳು ಉಣ್ಣೆ ಚೀಲ ಸಾಕು. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು, ಆ ಮಡಿಕೆ ಸಂಜೆಯೊಳಗೆ ಕಣಕಾಲಿನ ಮೇಲೆ ಗೆರೆ ಕೊರೆಯುತ್ತದೆ. ಕಾಲು ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಕಬೇಕು, ಮಂಡಿ ಬಗ್ಗಿಸಿದಾಗ ಒಂದಿಷ್ಟು ಬಿಡಬೇಕು. ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದು, ನಾಚಿಕೆಪಡದೆ ಬದಲಾಯಿಸಿ ಕೇಳಿ.

ಸ್ಕೀಯ ಉದ್ದ ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಬರಲಿ. ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ನಿಜ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಬಿಟ್ಟುಕೊಳ್ಳಲಿ ಅಂತ ಬೈಂಡಿಂಗ್‌ನಲ್ಲಿ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯಲ್ಲಿ, ಸ್ಪ್ರಿಂಗ್ ಇರುತ್ತದೆ. ಅದರ ಬಿಗಿ ನಿಮ್ಮ ತೂಕ, ಎತ್ತರ, ಬೂಟಿನ ಅಟ್ಟೆಯ ಉದ್ದ, ಅನುಭವ ನೋಡಿ ಇಡುವಂಥದ್ದು. ಬಿಗಿ ಹೆಚ್ಚಾದರೆ ಸ್ಕೀ ಕಳಚದೆ ಮಂಡಿ ತಿರುಚುತ್ತದೆ, ಕಮ್ಮಿಯಾದರೆ ಸುಮ್ಮಸುಮ್ಮನೆ ಕಳಚುತ್ತದೆ. ಹಿಂದಿನ ಗಿರಾಕಿಗೆ ಇಟ್ಟಿದ್ದನ್ನೇ ನಿಮಗೂ ಕೊಡುತ್ತಿದ್ದರೆ ಸ್ಕ್ರೂಡ್ರೈವರ್ ತೆಗೆಸಿ. ಹಾಕಿಕೊಳ್ಳುವ ಮುನ್ನ ಬೂಟಿನ ಅಡಿಗೆ ಮೆತ್ತಿದ ಹಿಮವನ್ನು ಕೋಲಿನಿಂದ ಕೆರೆದು ತೆಗೆಯಿರಿ, ಬೆರಳ ಕಡೆ ಮೊದಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿ. 'ಟಕ್' ಅನ್ನದಿದ್ದರೆ ಅಡಿಯಲ್ಲಿ ಇನ್ನೂ ಹಿಮ ಇದೆ ಅಂತಲೇ.

ಬಟ್ಟೆಯಲ್ಲಿ ಒಂದೇ ನಿಯಮ: ಮೈಗೆ ತಾಗುವ ಪದರ ಹತ್ತಿಯದಾಗಬಾರದು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಕಾದು ನಿಂತಾಗ ನಡುಕ ಹಿಡಿಸುತ್ತದೆ. ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್ಟು, ಪ್ಯಾಂಟು. ಜೀನ್ಸ್ ಬಿಟ್ಟು ಬನ್ನಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು; ಹಿಮದಿಂದ ಚಿಮ್ಮುವ ಬಿಸಿಲು ಗದ್ದದ ಕೆಳಗೂ, ಮೂಗಿನ ಹೊಳ್ಳೆಯಲ್ಲೂ ಸುಡುತ್ತದೆ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ.

ಕಲಿಕೆ ಶುರುವಾಗುವುದು ಗುಲ್ಮಾರ್ಗ್‌ನ ಬಟ್ಟಲಿನಂಥ ಬಯಲಿನಲ್ಲಿ, ಬೇಸಿಗೆಯಲ್ಲಿ ಗಾಲ್ಫ್ ಆಡುವ ಇಳಿಜಾರುಗಳಲ್ಲೇ. ಮೊದಲ ಪಾಠ ಸ್ನೋ ಪ್ಲೌ: ಮುಂದಿನ ತುದಿಗಳು ಹತ್ತಿರ, ಹಿಂಭಾಗ ಅಗಲ, ಒಳ ಅಂಚುಗಳು ಹಿಮ ಕಚ್ಚುವ ಹಾಗೆ. ಅಗಲ ಮಾಡಿದಷ್ಟೂ ಬ್ರೇಕ್. ತುದಿಗಳು ಒಂದರ ಮೇಲೊಂದು ಹತ್ತಿದರೆ ಬಿದ್ದಂತೆಯೇ. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಭಯಕ್ಕೆ ಹಿಂದಕ್ಕೆ ವಾಲುವುದು. ವಾಲಿದ ಕ್ಷಣ ಸ್ಕೀಯ ಮುಂಭಾಗದ ಮೇಲಿನ ಭಾರ ಹೋಗಿ, ತಿರುಗಿಸುವ ಹಿಡಿತ ತಪ್ಪಿ, ವೇಗ ಇನ್ನೂ ಏರುತ್ತದೆ. ಮೊಣಕಾಲಿನ ಕೆಳಗಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡೇ ಇರಬೇಕು. ಬಲಕ್ಕೆ ತಿರುಗಲು ಎಡಗಾಲಿಗೆ ಭಾರ, ಎಡಕ್ಕೆ ಬಲಗಾಲಿಗೆ. ಬೀಳುವುದಾದರೆ ಪಕ್ಕಕ್ಕೆ ಬೀಳಿ. ಏಳುವಾಗ ಎರಡೂ ಸ್ಕೀ ನಿಮಗಿಂತ ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ಇರಲಿ, ಇಲ್ಲದಿದ್ದರೆ ಎದ್ದ ಕೂಡಲೇ ಜಾರುತ್ತೀರಿ. ಹೊರಡುವ ಆರು ವಾರ ಮುಂಚೆಯಿಂದ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯ ಭಂಗಿಯಲ್ಲಿ ಕೂರುವ ಅಭ್ಯಾಸ ಮಾಡಿ, ದಣಿಯುವುದು ತೊಡೆಗಳೇ.

ದುಡ್ಡು ಉಳಿಸಿ ಕಟ್ಟುನಿಟ್ಟಾಗಿ ಕಲಿಯಬೇಕೆಂದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ಇದೆ, ಚಳಿಗಾಲದಲ್ಲಿ ಕೋರ್ಸ್ ನಡೆಸುತ್ತದೆ.

ಗಂಡೋಲಾ ಅಂದರೆ ಕೇಬಲ್ ಕಾರ್. ಅದರ ಮೊದಲ ಹಂತ ಸುಮಾರು 3,080 ಮೀಟರ್‌ನ ಕೊಂಗ್ಡೂರಿಗೆ, ಎರಡನೆಯದು 3,950ರ ಆಸುಪಾಸಿನ ಅಫರ್ವಾತ್ ಬೆಟ್ಟಕ್ಕೆ ಒಯ್ಯುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಗಡವೇ ಮಾಡಿಸಿ, ಅದಕ್ಕೆ ಗೈಡ್ ಬೇಕಿಲ್ಲ. ಮೇಲೆ ಹೋಗಿ ನೋಡಿ, ಗಂಡೋಲಾದಲ್ಲೇ ಇಳಿದು ಬನ್ನಿ. ಅಫರ್ವಾತ್‌ನಿಂದ ಸ್ಕೀಯಲ್ಲಿ ಇಳಿಯುವುದು ಹೊಸಬರ ಕೆಲಸ ಅಲ್ಲವೇ ಅಲ್ಲ. ಅದು ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹೊಸ ಹಿಮ ಹಳೆಯ ಪದರಕ್ಕೆ ಅಂಟದೆ ನಿಂತಿರುತ್ತದೆ, ಒಬ್ಬರ ಭಾರಕ್ಕೆ ಇಡೀ ಹಾಸು ಹಿಮಕುಸಿತವಾಗಿ ಕಳಚಿ ಬರಬಹುದು. 2023 ಮತ್ತು 2024ರ ಫೆಬ್ರವರಿಗಳಲ್ಲಿ ಇಲ್ಲಿ ವಿದೇಶಿ ಸ್ಕೀಯರ್‌ಗಳು ಹೀಗೆ ಸತ್ತಿದ್ದಾರೆ. ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಸಲಿಕೆ, ಪ್ರೋಬ್ (ಹಿಮ ಚುಚ್ಚಿ ಹುಡುಕುವ ಉದ್ದ ಕೋಲು) ಮೂರನ್ನೂ ಬಳಸಲು ಬರುವ ಜೊತೆಗಾರರಿಲ್ಲದೆ ಅಲ್ಲಿ ಇಳಿಯಬಾರದು, ಯಾಕೆಂದರೆ ಹೂತವರನ್ನು ಬದುಕಿಸುವ ಅವಕಾಶ ಇರುವುದು ಮೊದಲ ಹತ್ತು ಹದಿನೈದು ನಿಮಿಷ ಮಾತ್ರ. ಗಾಳಿ ಜೋರಾದರೆ, ಭಾರಿ ಹಿಮ ಬಿದ್ದರೆ ಎರಡನೇ ಹಂತ ಮುಚ್ಚುತ್ತಾರೆ. ಟಿಕೆಟ್ ತೋರಿಸಿ ಜಗಳಕ್ಕೆ ಹೋಗಬೇಡಿ. ಪ್ರಯಾಣ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಅಂತ ಓದಿ, ಹಲವು ಪಾಲಿಸಿಗಳಲ್ಲಿ ಅದು ಹೊರಗೆ.

ಊಟಕ್ಕೆ ಹೆದರಬೇಕಾಗಿಲ್ಲ. ಕಾಶ್ಮೀರಿಗಳೂ ಎರಡು ಹೊತ್ತು ಅನ್ನ ಉಣ್ಣುವವರೇ. ರಾಜ್ಮಾ, ಹಾಖ್ ಸೊಪ್ಪು ಸಸ್ಯಾಹಾರಿಗಳಿಗೆ ಹೊಂದುತ್ತದೆ. ಗುಲಾಬಿ ಬಣ್ಣದ ನೂನ್ ಚಾಯ್ ಉಪ್ಪಾಗಿರುತ್ತದೆ, ಸಕ್ಕರೆ ನಿರೀಕ್ಷಿಸಿ ಮುಖ ಕಿವುಚಬೇಡಿ.

ಕೋಣೆಯಲ್ಲಿ ಬುಖಾರಿ ಒಲೆ ಇದ್ದರೆ ಹೊಗೆ ಕೊಳವೆ ಸರಿಯಿದೆಯೇ ನೋಡಿ, ಮಲಗುವ ಮುನ್ನ ಆರಿಸಿ, ಕಿಟಕಿ ಒಂದು ಬೆರಳಷ್ಟು ತೆರೆದಿಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಒದ್ದೆ ಬೂಟನ್ನು ಆ ಒಲೆಗೆ ಒರಗಿಸಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗಿ ದಂಡ ಕಟ್ಟಬೇಕಾದೀತು. ಒಳಗಿನ ಲೈನರ್ ಎಳೆದು ತೆಗೆದು ಬೇರೆ ಒಣಗಿಸಿ, ಹೊರಚಿಪ್ಪನ್ನು ಕೋಣೆಯೊಳಗೇ ಇಡಿ. ವರಾಂಡದಲ್ಲಿ ಬಿಟ್ಟರೆ ಬೆಳಿಗ್ಗೆ ಅದು ಕಲ್ಲಿನ ಹಾಗೆ ಸೆಟೆದಿರುತ್ತದೆ, ಕಾಲು ತೂರಿಸಲು ಇಬ್ಬರು ಬೇಕು.