ಥೆರಪಿ ಬಿಲ್ ಇನ್ಶೂರೆನ್ಸ್‌ನಲ್ಲಿ ಪಾಸಾಗ್ತದಾ?

ನಾನು ಶಿವಮೊಗ್ಗದಲ್ಲಿ ಸ್ವಂತ ಕ್ಲಿನಿಕ್ ನಡೆಸುವ ಕ್ಲಿನಿಕಲ್ ಸೈಕಾಲಜಿಸ್ಟ್. ನನಗೆ ಎರಡು ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರದಿಂದ ಬರುವವರು "ಈ ಬಿಲ್ ಇನ್ಶೂರೆನ್ಸ್‌ನಲ್ಲಿ ಪಾಸಾಗ್ತದಾ ಮೇಡಂ?" ಎಂದು ಕೇಳುತ್ತಾರೆ. ಹೊಸದಾಗಿ ಕ್ಲಿನಿಕ್ ತೆರೆದ ಕಿರಿಯರು "ರಿಜೆಕ್ಟ್ ಆಗದ ಹಾಗೆ ಬಿಲ್ ಬರೆಯೋದು ಹೇಗೆ ಅಕ್ಕ?" ಎನ್ನುತ್ತಾರೆ. ಇಬ್ಬರಿಗೂ ನಾನು ಹೇಳುವುದು ಇಷ್ಟೇ: ಮೊದಲ ದಿನವೇ ಪಾಲಿಸಿ ಓದಿ. ಆಮೇಲೆ ನಡೆದದ್ದನ್ನು ನಡೆದ ಹಾಗೆಯೇ ಬಿಲ್‌ನಲ್ಲಿ ಬರೆಯಿರಿ.

ಪಾಲಿಸಿ ಯಾಕೆ ಮೊದಲು? "ಮಾನಸಿಕ ಕಾಯಿಲೆಗೂ ಇನ್ಶೂರೆನ್ಸ್ ಕೊಡಲೇಬೇಕು ಅಂತ ಕಾನೂನಿದೆಯಲ್ಲ" ಎಂಬ ನಂಬಿಕೆಯಲ್ಲಿ ತುಂಬ ಜನ ಬರುತ್ತಾರೆ. ಕಾನೂನು ಇದೆ, ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇನಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಕೂಡ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಆದರೆ ಸೆಕ್ಷನ್ ಹೇಳುವುದು ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಇರಬೇಕು ಎಂದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗಿ ಔಷಧಿ ತಂದ ಖರ್ಚನ್ನು ನಿಮ್ಮ ಪಾಲಿಸಿ ಕೊಡುವುದಿಲ್ಲ ಎಂದಾದರೆ, ನನ್ನ ಕ್ಲಿನಿಕ್ಕಿನಲ್ಲಿ ಕೂತು ಮಾತಾಡಿದ ಒಂದು ಗಂಟೆಗೂ ಅದು ಕೊಡುವುದಿಲ್ಲ. ಸಾಮಾನ್ಯ ಪಾಲಿಸಿಗಳು ನೋಡುವುದು ಆಸ್ಪತ್ರೆಗೆ ದಾಖಲಾದ ಖರ್ಚನ್ನು. ಥೆರಪಿ ಬಹುತೇಕ ಓಪಿಡಿ, ಅಂದರೆ ದಾಖಲಾಗದೆ ಬಂದು ಹೋಗಿ ಪಡೆಯುವ ಚಿಕಿತ್ಸೆಯ ಲೆಕ್ಕಕ್ಕೆ ಬರುತ್ತದೆ. ಓಪಿಡಿ ಕವರ್ ಬೇರೆಯಾಗಿ ಇದೆಯಾ, ಇದ್ದರೆ ವರ್ಷಕ್ಕೆ ಎಷ್ಟು, ಅದರಲ್ಲಿ ಸೈಕಾಲಜಿಸ್ಟ್ ಸೇರುತ್ತಾರಾ, ಸೈಕಿಯಾಟ್ರಿಸ್ಟ್ (ಔಷಧಿ ಬರೆಯುವ ಮನೋವೈದ್ಯರು) ಬರೆದುಕೊಟ್ಟ ಚೀಟಿ ಬೇಕಾ. ಇಷ್ಟನ್ನು ಮೊದಲ ಸೆಷನ್‌ಗೆ ಮುಂಚೆಯೇ ಕಂಪನಿಗೆ ಇಮೇಲ್‌ನಲ್ಲಿ ಕೇಳಿ. ಫೋನಲ್ಲಿ ಹೇಳಿದ ಮಾತು ನಾಳೆ ಕೈಗೆ ಸಿಗುವುದಿಲ್ಲ.

ಜಾಸ್ತಿ ಜನಕ್ಕೆ ಗೊತ್ತಿರದ ಒಂದು ದಾರಿಯೂ ಇದೆ. ಮನೋರೋಗಕ್ಕೆ ಆಸ್ಪತ್ರೆಯಲ್ಲಿ ದಾಖಲಾಗಿ ಬಂದವರಿಗೆ ಡಿಸ್ಚಾರ್ಜ್ ನಂತರದ ಖರ್ಚನ್ನು ಕೇಳುವ ಅವಕಾಶ ಹಲವು ಪಾಲಿಸಿಗಳಲ್ಲಿರುತ್ತದೆ. ಉದಾಹರಣೆಗೆ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ದಾಖಲಾಗುವ ಮುಂಚಿನ 30 ದಿನ, ಮನೆಗೆ ಬಂದ ಮೇಲಿನ 60 ದಿನ ಎಂದಿದೆ. ಆ ಅವಧಿಯ ಥೆರಪಿಯನ್ನು ಕೇಳಬೇಕಾದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಥೆರಪಿ ಮುಂದುವರಿಸಿ" ಎಂದು ಡಾಕ್ಟರು ಬರೆದಿರುವುದು ಬಹಳ ಮುಖ್ಯ. ವಾರ್ಡಿನಿಂದ ಹೊರಡುವ ಗಡಿಬಿಡಿಯಲ್ಲಿ ಮನೆಯವರು ಇದನ್ನು ಕೇಳಲು ಮರೆಯುತ್ತಾರೆ.

ಇನ್ನು ಬಿಲ್. ಕಿರಿಯರು ಕೆಲವರು ನೆಟ್‌ನಿಂದ ಅಮೆರಿಕದ ಬಿಲ್ ನಮೂನೆ ಇಳಿಸಿಕೊಂಡು ತೋರಿಸುತ್ತಾರೆ. ಅದರಲ್ಲಿ 90834, 90837 ಅಂತೆಲ್ಲ ಕೋಡ್ ಇರುತ್ತದೆ. ಅಲ್ಲಿ 38ರಿಂದ 52 ನಿಮಿಷದ ಸೆಷನ್‌ಗೆ ಒಂದು, 53 ನಿಮಿಷ ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನೊಂದು. ನಿಮಿಷದ ಲೆಕ್ಕ ತಪ್ಪಿದರೆ ಅಲ್ಲಿ ಕ್ಲೇಮ್‌ಗೆ ತೊಂದರೆ. ನಮ್ಮಲ್ಲಿ ಆ ಕೋಡ್ ಬೇಕಾಗಿಲ್ಲ. ಆದರೆ ಸೆಷನ್ ಎಷ್ಟು ಹೊತ್ತು ನಡೆಯಿತು ಎಂದು ಬರೆದಿಡುವ ಅಭ್ಯಾಸ ಮಾತ್ರ ಒಳ್ಳೆಯದು, ಅದನ್ನು ಇಟ್ಟುಕೊಳ್ಳಿ.

ನಮ್ಮ ಬಿಲ್‌ನಲ್ಲಿ ಕ್ರಮಸಂಖ್ಯೆ, ತಾರೀಕು, ಎಷ್ಟು ನಿಮಿಷ, ಎದುರಿಗೆ ಕೂತು ನಡೆಸಿದ್ದಾ ವಿಡಿಯೋದಲ್ಲಾ, ಶುಲ್ಕ ಎಷ್ಟು, ಹೇಗೆ ಪಾವತಿ ಆಯಿತು, ಎಲ್ಲ ಇರಬೇಕು. ಸಹಿ, ಸೀಲಿನ ಜೊತೆ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಕೊಟ್ಟ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದಿದ್ದರೆ ಬಿಲ್ ಕೊಟ್ಟವರು ಯಾರು, ಅರ್ಹರಾ ಎಂಬ ಪ್ರಶ್ನೆಯಲ್ಲೇ ಕಡತ ನಿಂತುಬಿಡುತ್ತದೆ. ಹೆಸರಿನ ಬಗ್ಗೆ ವಿಶೇಷ ಎಚ್ಚರ ಬೇಕು. ನಮ್ಮ ಕಡೆ ಒಬ್ಬರಿಗೇ ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಾಲಿಸಿಯಲ್ಲಿ ಊರ ಹೆಸರು ಸೇರಿಸಿ ಇನ್ನೊಂದು, ಬಾಯಲ್ಲಿ ಕರೆಯುವುದು ಮತ್ತೊಂದು. ಪಾಲಿಸಿಯ ಕಾರ್ಡ್ ಎದುರಿಗಿಟ್ಟುಕೊಂಡು ಅದರಲ್ಲಿದ್ದ ಹಾಗೇ ಬರೆಯಿರಿ.

ಅಡಿಕೆ ಕೊಯ್ಲಿನ ಹೊತ್ತಿಗೆ, ಜೋರು ಮಳೆಯಲ್ಲಿ ಬಸ್ ಇಲ್ಲದ ದಿನ, ಜನ ಸೆಷನ್ ತಪ್ಪಿಸುತ್ತಾರೆ. ಅದು ಸಹಜ. ಆದರೆ ಬಾರದ ದಿನದ ಶುಲ್ಕವನ್ನು ಥೆರಪಿ ಎಂದು ಬಿಲ್ ಮಾಡಬಾರದು. ರದ್ದತಿ ಶುಲ್ಕ ತೆಗೆದುಕೊಳ್ಳುವವರು ಅದಕ್ಕೆ ಬೇರೆ ರಸೀದಿ ಕೊಡಲಿ. ಫೋನಲ್ಲಿ ನಡೆದ ಸೆಷನ್ ಅನ್ನು ಕ್ಲಿನಿಕ್ಕಿನಲ್ಲಿ ನಡೆದದ್ದು ಎಂದು ಬರೆಯಬಾರದು. ಮೂರು ತಿಂಗಳು ಬಿಟ್ಟು ಬಂದು "ಎಲ್ಲಾ ಸೇರಿಸಿ ಒಂದೇ ಬಿಲ್ ಕೊಡಿ" ಎಂದರೂ ಪ್ರತಿ ತಾರೀಕು ಬೇರೆ ಬೇರೆ ಸಾಲಿನಲ್ಲಿ ಬರಲಿ.

ಕೆಲವರು ಹಿಂಜರಿಯುತ್ತಲೇ ಕೇಳುತ್ತಾರೆ: "ಪಾಲಿಸಿ ಮಗನ ಹೆಸರಲ್ಲಿದೆ, ಅವನ ಹೆಸರಿಗೆ ಬರೆದುಕೊಡಿ", "ಪಾಲಿಸಿ ಶುರುವಾದ ಮೇಲಿನ ತಾರೀಕು ಹಾಕಿ". ಅವರ ಕಷ್ಟ ನನಗೆ ಅರ್ಥವಾಗುತ್ತದೆ. ತಿಂಗಳಿಗೆ ನಾಲ್ಕು ಸೆಷನ್ ಅಂದರೆ ಎಷ್ಟೋ ಮನೆಗಳಿಗೆ ದೊಡ್ಡ ಖರ್ಚು. ಆದರೂ ನಾನು ಬರೆಯುವುದಿಲ್ಲ. ಅದು ಮೋಸ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು, ನಿಜವಾಗಿ ಆಸ್ಪತ್ರೆ ಸೇರಬೇಕಾದ ದಿನ ಆ ಕುಟುಂಬದ ಕೈಯಲ್ಲಿ ಏನೂ ಇರುವುದಿಲ್ಲ. ಹಣದ ತೊಂದರೆ ಇದ್ದರೆ ನೇರವಾಗಿ ಹೇಳಿ. ಶುಲ್ಕ ಕಡಿಮೆ ಮಾಡಬಹುದು, ಎರಡು ವಾರಕ್ಕೊಮ್ಮೆ ಮಾಡಬಹುದು, ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಮಾತಾಡಲು ತುರ್ತಾಗಿ ಯಾರಾದರೂ ಬೇಕು ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ದುಡ್ಡಿಲ್ಲದೆ ಫೋನ್ ಮಾಡಬಹುದು.

ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡುವುದು ಬಿಲ್ ಅಲ್ಲ, ಅದರ ಜೊತೆ ಹೋಗುವ ಚೀಟಿಯಲ್ಲಿನ ಒಂದು ಸಾಲು. "ಹತ್ತು ವರ್ಷದಿಂದ ಆತಂಕ" ಎಂದು ಸುಮ್ನೆ ಗೀಚಿಬಿಡುತ್ತೇವೆ. ವಿಮಾ ಕಂಪನಿ ಅದನ್ನು ಓದಿ, ಪಾಲಿಸಿಗೆ ಮುಂಚೆಯೇ ಕಾಯಿಲೆ ಇತ್ತು, ಮುಚ್ಚಿಟ್ಟಿದ್ದೀರಿ ಎನ್ನುತ್ತದೆ. ಆ ವ್ಯಕ್ತಿಗೆ ಹತ್ತು ವರ್ಷದ ಹಿಂದೆ ಇದ್ದದ್ದು ಪರೀಕ್ಷೆಯ ಭಯ ಇರಬಹುದು. ಐಆರ್‌ಡಿಎಐನ 2024ರ ನಿಯಮಗಳ ಪ್ರಕಾರ ಮೊದಲೇ ಇದ್ದ ಕಾಯಿಲೆ ಎಂದರೆ ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ಡಾಕ್ಟರು ಗುರುತಿಸಿದ್ದು ಅಥವಾ ಚಿಕಿತ್ಸೆಗೆ ಹೇಳಿದ್ದು. ಹಾಗಾಗಿ ತೊಂದರೆ ಯಾವಾಗಿನಿಂದ ಎಂದು ಅವರೇ ಹೇಳಿದ್ದು ಒಂದು, ಕಾಯಿಲೆ ಎಂದು ಡಾಕ್ಟರು ಗುರುತಿಸಿದ ದಿನ ಇನ್ನೊಂದು. ಎರಡನ್ನೂ ಬೇರೆ ಬೇರೆ, ಸರಿಯಾಗಿ ಬರೆಯಿರಿ. ಮೊದಲೇ ಚಿಕಿತ್ಸೆ ಪಡೆದವರು ಪಾಲಿಸಿ ಕೊಳ್ಳುವಾಗಲೇ ಅದನ್ನು ಹೇಳಲಿ. ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಮಾಡಲು ಕಾಯಬೇಕಾದ ಅವಧಿ ಈಗ ಮೂರು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ.

ಗುಟ್ಟಿನ ಭಯವೂ ಇದೆ. ಸಣ್ಣ ಊರು, ಎಲ್ಲರೂ ಎಲ್ಲರಿಗೂ ಗೊತ್ತು. ಬಿಲ್‌ನಲ್ಲಿ ಕಾಯಿಲೆಯ ಹೆಸರು ಬಂದರೆ ಆಫೀಸಿಗೆ ತಿಳಿಯುತ್ತದಾ ಎಂದು ಕೇಳುತ್ತಾರೆ. ಕ್ಲೇಮ್‌ಗೆ ಕಾಯಿಲೆಯ ಹೆಸರು ಬೇಕಾಗುತ್ತದೆ, ಅದನ್ನು ಮೊದಲೇ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಸೆಷನ್‌ನಲ್ಲಿ ಆಡಿದ ಮಾತಿನ ಟಿಪ್ಪಣಿಗಳನ್ನು ಬಿಲ್ ಜೊತೆ ಕಳಿಸುವ ಅಗತ್ಯ ಇಲ್ಲ. ಕಂಪನಿ ಕೇಳಿದರೆ ಒಂದು ಪುಟದ ಚಿಕಿತ್ಸಾ ಸಾರಾಂಶ ಕೊಡಿ. ಗೋಪ್ಯತೆಯ ಹಕ್ಕು ಅದೇ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ.

ಇಷ್ಟೆಲ್ಲ ಸರಿ ಇದ್ದೂ ರಿಜೆಕ್ಟ್ ಆದರೆ? ಕಾರಣವನ್ನು ಬರಹದಲ್ಲಿ ಕೇಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದೂ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ (ಗ್ರಾಹಕ ಮತ್ತು ಕಂಪನಿ ನಡುವಿನ ದೂರು ಬಗೆಹರಿಸುವ ಅಧಿಕಾರಿ) ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿ, ಬಿಲ್, ರಸೀದಿ, ಡಾಕ್ಟರ ಚೀಟಿ, ಕಂಪನಿಯ ಪತ್ರ ಇಷ್ಟರ ಪ್ರತಿ ಇದ್ದರೆ ಸಾಕು. ಬಿಲ್ ಕಳೆದುಹೋಗಿದ್ದರೆ ಚಿಂತೆ ಬೇಡ, ಚಿಕಿತ್ಸೆ ಕೊಟ್ಟವರ ಹತ್ತಿರ ಹೋಗಿ ನಕಲು ಪ್ರತಿ ಕೇಳಿ.