ಪುಷ್ಕಿನ್ ಒಂದು ದಿನ ತಡವಾಗಿ ಹುಟ್ಟಿದ

ಜೂನ್ 7ರ ಕಾರ್ಡನ್ನು ನಿನ್ನೆ ರಾತ್ರಿ ಹರಿದು ಹಾಕಿದೆ. ಪೆನ್ಸಿಲ್‌ನಲ್ಲಿ ಬರೆದಿದ್ದರೆ ರಬ್ಬರ್ ಹಿಡಿದು ಉಜ್ಜಿ ಮುಗಿಸಬಹುದಿತ್ತು. ಅಕ್ಷರ ಚೆನ್ನಾಗಿ ಕೂರುತ್ತಿದೆ ಅನ್ನೋ ಜಂಬದಲ್ಲಿ ನಾನು ಸೀದಾ ಶಾಯಿಗೇ ಕೈ ಹಾಕಿದ್ದೆ. ಪೌಲ್ ಗೋಗ್ಯಾ, ಓರ್ಹಾನ್ ಪಾಮುಕ್, ಅವರ ಕೆಳಗೆ ದುಂಡಗೆ, ಅಂದವಾಗಿ, ತಪ್ಪಾಗಿ ರಷ್ಯದ ಕವಿ ಪುಷ್ಕಿನ್.

ಪೆಟ್ಟಿಗೆಯ ವಿಷಯ ಹಿಂದೆಯೇ ಬರೆದಿದ್ದೇನೆ, ಮತ್ತೆ ಶುರುವಿಂದ ಹೇಳಲ್ಲ. 366 ಕಾರ್ಡು, ದಿನಕ್ಕೊಂದು. ಆ ದಿನ ಹುಟ್ಟಿದ ವಿದ್ವಾಂಸರು, ಬರಹಗಾರರು, ಎಂಜಿನಿಯರು, ವೈದ್ಯರು. ಸಿನಿಮಾದವರು, ಆಟಗಾರರು, ರಾಜಕಾರಣಿಗಳಿಗೆ ಜಾಗವಿಲ್ಲ, ಅವರನ್ನು ನೆನಪಿಟ್ಟುಕೊಳ್ಳೋಕೆ ಬೇರೆಯವರು ಬೇಕಾದಷ್ಟಿದ್ದಾರೆ. ಕಾರ್ಡಿಗೆ ಕನಿಷ್ಠ ಮೂವರು, ಮೂವರೂ ಒಂದೇ ಕಸುಬಿನವರಾಗಿರಬಾರದು.

ಕೆಲವು ಕಾರ್ಡು ತಾವಾಗಿಯೇ ತುಂಬಿಕೊಂಡವು. ಅಕ್ಟೋಬರ್ 10 ನನಗೆ ತುಂಬಾ ಇಷ್ಟದ್ದು. ಶಿವರಾಮ ಕಾರಂತರು (1902), ಆರ್.ಕೆ. ನಾರಾಯಣ್ (1906), ನಾಟಕಕಾರ ಹೆರಾಲ್ಡ್ ಪಿಂಟರ್ (1930), ಹೈಡ್ರೋಜನ್ ಅನಿಲವನ್ನು ಗುರುತಿಸಿದ ಹೆನ್ರಿ ಕ್ಯಾವೆಂಡಿಷ್ (1731). ಈ ನಾಲ್ವರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಏನಾಗಬಹುದು? ಕ್ಯಾವೆಂಡಿಷ್ ಮನುಷ್ಯರ ಮುಖ ನೋಡೋಕೂ ನಾಚುತ್ತಿದ್ದವನು. ಪಿಂಟರ್ ನಾಟಕಗಳು ಹೆಸರಾಗಿದ್ದೇ ಮಾತಿನ ನಡುವಿನ ಮೌನಕ್ಕೆ. ಹಾಗಾಗಿ ಮಾತಿನ ಪೂರ್ತಿ ಭಾರ ಕಾರಂತರ ಮೇಲೆ, ನಾರಾಯಣ್ ಮೂಲೆಯಲ್ಲಿ ಕೂತು ಎಲ್ಲವನ್ನೂ ಗಮನಿಸಿ ಆಮೇಲೆ ಬರೆಯುತ್ತಾರೆ.

ಸೆಪ್ಟೆಂಬರ್ 15ರಲ್ಲಿ ವಿಶ್ವೇಶ್ವರಯ್ಯನವರ ಪಕ್ಕದಲ್ಲೇ ಅಗಾಥಾ ಕ್ರಿಸ್ಟಿ, ಶರತ್‌ಚಂದ್ರ ಚಟ್ಟೋಪಾಧ್ಯಾಯ, ಪರಮಾಣುವಿನೊಳಗಿನ ಕ್ವಾರ್ಕ್ ಅನ್ನೋ ಕಣಕ್ಕೆ ಹೆಸರಿಟ್ಟ ಮರ್ರಿ ಗೆಲ್‌ಮನ್. ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲೋ 1861ರಲ್ಲೋ ಅಂತ ಜಗಳವಿದೆ. ನನ್ನ ಪೆಟ್ಟಿಗೆಗೆ ದಿನ ಸಾಕು, ವರ್ಷದ ಜಗಳ ನನಗೆ ಬೇಡ.

23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಅನ್ನೋದು ನಿಮಗೆಲ್ಲ ಗೊತ್ತು. ಆ ಧೈರ್ಯದ ಮೇಲೇ ಕೆಲಸ ಶುರು ಮಾಡಿದ್ದು. ಆದರೆ ಜೋಡಿ ಸಿಗುವುದೇ ಬೇರೆ, ಒಂದು ದಿನವೂ ಖಾಲಿ ಉಳಿಯದ ಹಾಗೆ ತುಂಬುವುದೇ ಬೇರೆ. ಸಿಕ್ಕಸಿಕ್ಕವರನ್ನು ಪಟ್ಟಿಗೆ ಸೇರಿಸುತ್ತಾ ಹೋದರೆ 365 ದಿನಕ್ಕೂ ತಲಾ ಒಬ್ಬರಾದರೂ ಸಿಗೋಕೆ ಸರಾಸರಿ 2,365 ಜನ ಬೇಕು. ತಲಾ ಮೂವರು ಬೇಕೆಂದರೆ ಎಷ್ಟು ಅಂತ ಲೆಕ್ಕ ಹಾಕಲು ಹೋಗಿಲ್ಲ, ಹಾಕಿದರೆ ಕೈಬಿಟ್ಟುಬಿಡುತ್ತೇನೆ.

ಕಾರ್ಡು ಕಳಿಸಿದವರ ಕಥೆ ಇಲ್ಲೇ ಹೇಳಿಬಿಡುತ್ತೇನೆ. 366 ಅಂತ ಬರೆದು, ಕೆಳಗೆ ಗೆರೆ ಎಳೆದು ಕಳಿಸಿದ್ದೆ. ಬಂದಿದ್ದು 365. ಫೋನ್ ಮಾಡಿದರೆ, "ವರ್ಷಕ್ಕೆ ಅಷ್ಟೇ ತಾನೆ ಸರ್, ನೀವು ತಪ್ಪು ಬರೆದಿದ್ದೀರಿ ಅಂದುಕೊಂಡ್ವಿ" ಅಂದರು. ನನ್ನ ತಪ್ಪನ್ನು ತಿದ್ದಿ ಉಪಕಾರ ಮಾಡಿದ್ದಾರೆ! ಹಾಗಾಗಿ ಫೆಬ್ರವರಿ 29ಕ್ಕೆ ಕಾರ್ಡಿಲ್ಲ. ಆ ದಿನ ಹುಟ್ಟಿದವನು ಹರ್ಮನ್ ಹಾಲರಿತ್ (1860). ಅಮೆರಿಕದ ಜನಗಣತಿಯ ಲೆಕ್ಕಕ್ಕೆ ತೂತು ಹೊಡೆದ ಕಾರ್ಡಿನ ಯಂತ್ರ ಮಾಡಿಕೊಟ್ಟವನು. ಕಾರ್ಡಿನಿಂದಲೇ ಹೆಸರು ಮಾಡಿದ ಮನುಷ್ಯನಿಗೆ ನನ್ನ ಪೆಟ್ಟಿಗೆಯಲ್ಲಿ ಒಂದು ಕಾರ್ಡಿಲ್ಲ.

ಇನ್ನು ಪುಷ್ಕಿನ್.

ರಷ್ಯಾ 1918ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟಿರಲಿಲ್ಲ. ಆ ವರ್ಷ ಜನವರಿ 31ರ ಮಾರನೇ ದಿನ ಫೆಬ್ರವರಿ 14 ಆಯಿತು. ಅಂದರೆ 13 ದಿನದ ಅಂತರ. ನಾನು ಅದನ್ನೇ ಹಿಡಿದು ರಷ್ಯದವರಿಗೆಲ್ಲ 13 ಕೂಡಿಸಿದೆ. ಟಾಲ್‌ಸ್ಟಾಯ್ ಹಳೆಯ ಲೆಕ್ಕದಲ್ಲಿ ಆಗಸ್ಟ್ 28, ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ 10. ಪುಸ್ತಕಗಳಲ್ಲೆಲ್ಲ ಸೆಪ್ಟೆಂಬರ್ 9. ಒಂದು ದಿನ ಜಾಸ್ತಿ. ಸರಿ, 19ನೇ ಶತಮಾನದಲ್ಲಿ ಅಂತರ 12 ಇತ್ತು ಅಂತ ತಿಳಿದು 13 ತೆಗೆದು 12 ಹಾಕಿದೆ. ಟಾಲ್‌ಸ್ಟಾಯ್ ಸರಿಹೋದ. ದಾಸ್ತೋವ್‌ಸ್ಕಿ, ಅಕ್ಟೋಬರ್ 30 ಇದ್ದದ್ದು ನವೆಂಬರ್ 11, ಸರಿ. ಚೆಕಾವ್ ಜನವರಿ 29, ಸರಿ. ಮೆಂಡಲೀವ್ ಫೆಬ್ರವರಿ 8, ಗಣಿತದ ಸೋಫಿಯಾ ಕೊವಲೆವ್‌ಸ್ಕಯಾ ಜನವರಿ 15. ಐದಕ್ಕೆ ಐದೂ ಸರಿ ಬಂದ ಮೇಲೆ ಇನ್ಯಾರು ಪರೀಕ್ಷೆ ಮಾಡುತ್ತಾರೆ? ಸೂತ್ರಕ್ಕೆ ಬೀಗ ಹಾಕಿ ಶಾಯಿ ಬಾಟಲಿ ತೆಗೆದೆ.

ತಪ್ಪು ಕಂಡಿದ್ದು ಆಕಸ್ಮಿಕ. ವಿಶ್ವಸಂಸ್ಥೆ ಜೂನ್ 6ನ್ನು ರಷ್ಯನ್ ಭಾಷಾ ದಿನ ಅಂತ ಆಚರಿಸುತ್ತದೆ, ಪುಷ್ಕಿನ್ ಹುಟ್ಟಿದ ದಿನ ಅಂತ. ನನ್ನ ಪುಷ್ಕಿನ್ 7ರಲ್ಲಿ ಕೂತಿದ್ದಾನೆ! ಒಂದು ಗಂಟೆ ಸೂತ್ರವನ್ನೇ ಜಾಲಾಡಿದೆ. ಸ್ಪ್ರೆಡ್‌ಶೀಟಿನ ಮೇಲೂ ಅನುಮಾನ ಬಂತು, ಅದಕ್ಕೆ ಕಾರಣವೂ ಇದೆ. 1900ಕ್ಕಿಂತ ಹಿಂದಿನದನ್ನು ನಾನು ಬಳಸುವ ಸ್ಪ್ರೆಡ್‌ಶೀಟ್ ದಿನಾಂಕ ಅಂತಲೇ ಒಪ್ಪಲ್ಲ. ಆದರೆ 1900ರಲ್ಲಿ ಇಲ್ಲವೇ ಇಲ್ಲದ ಫೆಬ್ರವರಿ 29ನ್ನು ಕಣ್ಣು ಮುಚ್ಚಿ ಒಪ್ಪುತ್ತದೆ. ಈ ಸಲ ಪಾಪ ಅದರ ತಪ್ಪಲ್ಲ. ಹುಟ್ಟಿದ ವರ್ಷದ ಕಡೆ ನಾನು ನೋಡೇ ಇರಲಿಲ್ಲ. 1799.

ಹಳೆಯ ಕ್ಯಾಲೆಂಡರಿನಲ್ಲಿ ನಾಲ್ಕರಿಂದ ಭಾಗವಾಗುವ ವರ್ಷವೆಲ್ಲ ಅಧಿಕ ವರ್ಷ. ಹೊಸದರಲ್ಲಿ 1700, 1800, 1900 ಅಧಿಕ ವರ್ಷಗಳಲ್ಲ. ಹಾಗಾಗಿ ಅಂತರ ಒಂದೇ ಸಮ ನಿಲ್ಲಲ್ಲ, ಆ ಮೂರು ವರ್ಷಗಳ ಫೆಬ್ರವರಿ ಕೊನೆಯಲ್ಲಿ ಒಂದೊಂದು ದಿನ ಬೆಳೆಯುತ್ತದೆ. ಹೊಸ ಕ್ಯಾಲೆಂಡರ್ ಶುರುವಾದ 1582ರಲ್ಲಿ 10 ಇದ್ದದ್ದು ಹೀಗೇ 11, 12, 13 ಆಯಿತು. ಮೇ 26ಕ್ಕೆ 11 ಕೂಡಿಸಿ, ಜೂನ್ 6. ನನ್ನ ಐದೂ ಸಾಕ್ಷಿಗಳು 1821ರಿಂದ 1860ರ ಒಳಗೆ ಹುಟ್ಟಿದವರು. ಒಂದೇ ಮನೆಯವರ ಸಾಕ್ಷಿ ಕೇಳಿ ತೀರ್ಪು ಕೊಟ್ಟ ಹಾಗಾಯಿತು.

ಜೂನ್ 6ಕ್ಕೆ ಬಂದಿದ್ದರಿಂದ ಪುಷ್ಕಿನ್‌ಗೆ ಸಿಕ್ಕ ಪಕ್ಕದವರು ಯಾರು ಗೊತ್ತಾ? ನಮ್ಮ ಮಾಸ್ತಿ (1891), ಥಾಮಸ್ ಮನ್ (1875). ಇದಕ್ಕಾಗಿ ಒಂದು ಕಾರ್ಡು ಹೋದರೂ ಹೋಗಲಿ ಅನ್ನಿಸಿತು.

ಖುಷಿ ಅರ್ಧ ಗಂಟೆ ಇತ್ತು. ಆಮೇಲೆ ಕಾದಂಬರಿಕಾರ ನಬೊಕೊವ್ ಸಾಲು ಬಂತು. ಹಳೆಯ ಲೆಕ್ಕದಲ್ಲಿ 1899ರ ಏಪ್ರಿಲ್ 10. ಆಗಿನ ಅಂತರ 12, ಅಂದರೆ ಏಪ್ರಿಲ್ 22. ಆದರೆ ಮುಂದಿನ ವರ್ಷ ಅಂತರ 13 ಆಯಿತು, ಹಾಗಾಗಿ ಅವನ ಮೊದಲನೇ ಹುಟ್ಟುಹಬ್ಬಕ್ಕೇ ದಿನ 23ಕ್ಕೆ ಜಾರಿತು. ಅವನೂ 23 ಅಂತಲೇ ಇಟ್ಟುಕೊಂಡ, ರೂಢಿಯಲ್ಲಿ ಅದು ಶೇಕ್ಸ್‌ಪಿಯರ್ ಹುಟ್ಟಿದ ದಿನ ಬೇರೆ. ಈಗ ಇವನನ್ನು ಎಲ್ಲಿ ಕೂರಿಸಲಿ? 22ರಲ್ಲಿ ಕಾಂಟ್, ಓಪನ್‌ಹೈಮರ್, ರೀಟಾ ಲೆವಿ ಮೊಂಟಾಲ್ಚೀನಿ ಇದ್ದಾರೆ. 23ರಲ್ಲಿ ಮ್ಯಾಕ್ಸ್ ಪ್ಲಾಂಕ್. ಎರಡೂ ಒಳ್ಳೆಯ ಮನೆಗಳೇ.

ಅವರವರು ಇಟ್ಟುಕೊಂಡ ದಿನವೇ ಅವರ ದಿನ ಅಂತ ಒಂದು ನಿಯಮ ಮಾಡಿದೆ. ಇದಕ್ಕೆ ನವೆಂಬರ್ 7ರ ಕಾರ್ಡೂ ಒಪ್ಪಿತು. ಅದು ನನ್ನ ಪೆಟ್ಟಿಗೆಯ ರಾಜ. ಸಿ.ವಿ. ರಾಮನ್, ಮೇರಿ ಕ್ಯೂರಿ, ಆಲ್ಬರ್ಟ್ ಕಾಮು, ಕೊನ್ರಾಡ್ ಲೊರೆನ್ಜ್, ಜೊತೆಗೆ ಲೀಸ್ ಮೈಟ್ನರ್. ಮೈಟ್ನರ್ ಹುಟ್ಟನ್ನು ವಿಯೆನ್ನಾದ ಯಹೂದಿ ಸಮುದಾಯದ ದಾಖಲೆ ನವೆಂಬರ್ 17 ಅನ್ನುತ್ತದೆ, ಉಳಿದ ಕಾಗದಗಳೆಲ್ಲ 7 ಅನ್ನುತ್ತವೆ, ಆಕೆಯೂ 7 ಅಂತಲೇ ಇಟ್ಟುಕೊಂಡಿದ್ದು. ಸರಿ, 7.

ನ್ಯೂಟನ್‌ಗೂ ಅದೇ ನಿಯಮ ಹಚ್ಚಿದೆ. ಇಂಗ್ಲೆಂಡ್ ಹೊಸ ಕ್ಯಾಲೆಂಡರಿಗೆ ಬಂದಿದ್ದು 1752ರಲ್ಲಿ, ನ್ಯೂಟನ್ ತೀರಿಕೊಂಡಿದ್ದು 1727ರಲ್ಲಿ. ಅವನ ಮಟ್ಟಿಗೆ ತಾನು ಹುಟ್ಟಿದ್ದು 1642ರ ಡಿಸೆಂಬರ್ 25. ಜನವರಿ 4ರ ಕಾರ್ಡಿನಲ್ಲಿ ಯಾಕೋಬ್ ಗ್ರಿಮ್, ಲೂಯಿ ಬ್ರೈಲ್ ಜೊತೆ ಹಾಯಾಗಿದ್ದವನನ್ನು ಎಬ್ಬಿಸಿ, ರೆಡ್‌ಕ್ರಾಸ್‌ನ ಕ್ಲಾರಾ ಬಾರ್ಟನ್ ಪಕ್ಕಕ್ಕೆ ಕಳಿಸಿದೆ.

ಆಮೇಲೆ ತಲೆಗೆ ಹೊಳೆಯಿತು. ಪುಷ್ಕಿನ್ ತೀರಿಕೊಂಡಿದ್ದು 1837ರಲ್ಲಿ. ಬದುಕಿದ್ದಷ್ಟೂ ದಿನ ಅವನ ಹುಟ್ಟುಹಬ್ಬ ಮೇ 26! ನನ್ನದೇ ನಿಯಮ ಅವನನ್ನು ಮಾಸ್ತಿಯವರ ಕಾರ್ಡಿನಿಂದ ಹೊರಗೆ ಹಾಕುತ್ತಿದೆ.

ಇಲ್ಲಿ ನಾನು ಪಕ್ಷಪಾತ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಹುಟ್ಟಿದ ಹೊತ್ತಿನ ಅಂತರ ಕೂಡಿಸಿದ ಹೊಸ ದಿನಾಂಕಕ್ಕೆ ಕಪ್ಪು ಶಾಯಿ. ಅವರೇ ಇಟ್ಟುಕೊಂಡ ದಿನ ಬೇರೆ ಇದ್ದರೆ ಆ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಸಣ್ಣಗೆ ಹೆಸರು. ನ್ಯೂಟನ್ ವಾಪಸ್ ಜನವರಿ 4ಕ್ಕೆ ಬಂದ. ನಬೊಕೊವ್ 22ರಲ್ಲಿ ಕಪ್ಪು, 23ರಲ್ಲಿ ಕೆಂಪು. ಪುಷ್ಕಿನ್ ಮಾಸ್ತಿಯವರ ಜೊತೆಯೇ ಇರುತ್ತಾನೆ. ಇದನ್ನು ಒಪ್ಪದವರು ತಮ್ಮ ಪೆಟ್ಟಿಗೆ ತಾವು ಮಾಡಿಕೊಳ್ಳಲಿ.

ಈ ಗಲಾಟೆಯ ನಡುವೆ ಮುಂದಿನ ಕೆಲಸವೂ ಸಿಕ್ಕಿತು. ಮಾಸ್ತಿಯವರು ತೀರಿಕೊಂಡಿದ್ದೂ ಜೂನ್ 6ರಂದೇ, 1986ರಲ್ಲಿ. ಅಂದರೆ ತೀರಿಕೊಂಡ ದಿನಗಳಿಗೂ ಒಂದು ಪೆಟ್ಟಿಗೆ ಬೇಕು ಅಲ್ವಾ? ಅಲ್ಲಿ ಏಪ್ರಿಲ್ 23 ಬಾಯಿ ತೆರೆದು ಕಾಯುತ್ತಿದೆ. ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರ ಅದೇ ದಿನ ಅನ್ನುತ್ತಾರೆ, ಆದರೆ ಸ್ಪೇನ್ ಹೊಸ ಕ್ಯಾಲೆಂಡರಿನಲ್ಲಿತ್ತು, ಇಂಗ್ಲೆಂಡ್ ಹಳೆಯದರಲ್ಲಿ. ನಡುವೆ 10 ದಿನ. ಕೆಂಪು ಶಾಯಿ ಜಾಸ್ತಿ ತರಿಸಬೇಕು.

ಹರಿದ ಕಾರ್ಡಿಗೂ ಫೆಬ್ರವರಿ 29ಕ್ಕೂ ಸೇರಿ ಎರಡು ಕಾರ್ಡು ಕಳಿಸಿ ಅಂತ ಇವತ್ತು ಬೆಳಗ್ಗೆ ಅವರಿಗೇ ಬರೆದೆ. ಬಿಡಿಯಾಗಿ ಕೊಡುವುದಿಲ್ಲವಂತೆ, ತಗೊಂಡರೆ 365ರ ಕಟ್ಟೇ ತಗೋಬೇಕಂತೆ. ತಗೊಂಡೆ. ಎರಡು ಇಲ್ಲಿಗೆ ಹೋದರೆ ಉಳಿಯೋದು 363. ಸಾವಿನ ಪೆಟ್ಟಿಗೆಗೆ ಈಗಲೇ ಮೂರು ಕಡಿಮೆ.