ಎಕ್ಸಾಸ್ಟ್ ವಾಲ್ವ್: ಸದ್ದು ಬೇಕು, ಗುಂಯ್‌ಗುಡುವಿಕೆ ಬೇಡ

ಎಕ್ಸಾಸ್ಟ್ ವಾಲ್ವ್ ಇರುವ ಸ್ಪೋರ್ಟ್ಸ್ ಕಾರಿನ ಸೈಲೆನ್ಸರ್‌ನಲ್ಲಿ ಹೊಗೆಗೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಒಳಗಿನ ಕೋಣೆಗಳಲ್ಲಿ ಸುತ್ತಿ ಬಳಸಿ ಸದ್ದನ್ನು ಕಳೆದುಕೊಂಡು ಹೊರಬರುವ ದಾರಿ. ಇನ್ನೊಂದು, ಹೆಚ್ಚುಕಡಿಮೆ ನೇರವಾಗಿ ಹೊರಬೀಳುವ ದಾರಿ. ಈ ಎರಡನೆಯ ದಾರಿಯನ್ನು ಮುಚ್ಚಿ ತೆರೆಯುವ ದುಂಡನೆಯ ಲೋಹದ ಬಿಲ್ಲೆಯೇ ಎಕ್ಸಾಸ್ಟ್ ವಾಲ್ವ್. ಏನನ್ನೂ ಕತ್ತರಿಸದೆ, ವೆಲ್ಡಿಂಗ್ ಮಾಡಿಸದೆ, ಹೊಸ ಸೈಲೆನ್ಸರ್ ಕೊಳ್ಳದೆ ಕಾರಿನ ಸದ್ದನ್ನು ಹೆಚ್ಚಿಸಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ.

ಈ ಬಿಲ್ಲೆಯನ್ನು ಅಲ್ಲಿ ಇಟ್ಟಿರುವುದಕ್ಕೆ ಶಬ್ದಪರೀಕ್ಷೆ ಒಂದು ಮುಖ್ಯ ಕಾರಣ. ಹಲವು ದೇಶಗಳು ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ 51ನೇ ನಿಯಮಾವಳಿಯ ಪ್ರಕಾರ, ಕಾರು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಹಾದುಹೋಗುವಾಗ, ಅದರ ಪಥದ ನಡುಗೆರೆಯಿಂದ 7.5 ಮೀಟರ್ ದೂರದಲ್ಲಿ ಎರಡೂ ಬದಿಗೆ ಇಟ್ಟ ಮೈಕ್ರೊಫೋನ್‌ಗಳು ಸದ್ದನ್ನು ಅಳೆಯುತ್ತವೆ. 2016ರಿಂದ ಹಂತಹಂತವಾಗಿ ಜಾರಿಗೆ ಬಂದ ಬದಲಾವಣೆಯಲ್ಲಿ ಸಾಮಾನ್ಯ ಕಾರಿನ ಮಿತಿ 72 ಡೆಸಿಬೆಲ್‌ನಿಂದ 70ಕ್ಕೆ, ಅಲ್ಲಿಂದ 68ಕ್ಕೆ ಇಳಿದಿದೆ; ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚಿರುವ ಕಾರುಗಳಿಗೆ ಕೆಲವು ಡೆಸಿಬೆಲ್‌ಗಳ ರಿಯಾಯಿತಿ ಇದೆ. ಪರೀಕ್ಷೆಯ ವೇಗದಲ್ಲಿ ಬಾಯಿ ಮುಚ್ಚಿಕೊಂಡಿದ್ದು ಅದನ್ನು ದಾಟಿದೊಡನೆ ತೆರೆದುಕೊಳ್ಳುವ ವಾಲ್ವಿನ ಜಾಣತನ ಹಳೆಯ ಕಾರುಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಬೇರೆ ವೇಗ ಮತ್ತು ಗೇರ್‌ಗಳಿಗೂ ಅಳತೆಗಳು ಬಂದಿರುವುದರಿಂದ ಅದಕ್ಕೆ ಅಷ್ಟು ಅವಕಾಶವಿಲ್ಲ. ವಾಲ್ವನ್ನು ಸದಾ ತೆರೆದಿಟ್ಟರೆ ಕಾರು ಅನುಮೋದನೆ ಪಡೆದ ಸ್ಥಿತಿಯಲ್ಲಿ ಉಳಿಯುವುದಿಲ್ಲ ಎಂಬುದನ್ನು ತಿಳಿದೇ ಕೈಹಾಕಬೇಕು.

ವಾಲ್ವನ್ನು ಕೆಲವು ಕಾರುಗಳಲ್ಲಿ ಎಂಜಿನ್ನಿನ ನಿರ್ವಾತ, ಅಂದರೆ ಗ್ಯಾರೇಜಿನವರು ವ್ಯಾಕ್ಯೂಮ್ ಎನ್ನುವುದು, ಎಳೆದು ಮುಚ್ಚುತ್ತದೆ. ಇನ್ನು ಕೆಲವುಗಳಲ್ಲಿ, ಅದರಲ್ಲೂ ಹೊಸ ಕಾರುಗಳಲ್ಲಿ, ಆ ಕೆಲಸ ಸಣ್ಣ ವಿದ್ಯುತ್ ಮೋಟಾರಿನದು. ನನ್ನ ಕಾರು ಹಳೆಯ ವಿ8 (ಎಂಟು ಸಿಲಿಂಡರಿನ ಎಂಜಿನ್) ಆದ್ದರಿಂದ ವ್ಯಾಕ್ಯೂಮ್ ಬಗೆಯದು. ಇಲ್ಲಿ ಸ್ಪ್ರಿಂಗ್ ವಾಲ್ವನ್ನು ತೆರೆದ ಸ್ಥಿತಿಗೆ ತಳ್ಳುತ್ತಿರುತ್ತದೆ, ವ್ಯಾಕ್ಯೂಮ್ ಅದನ್ನು ಮುಚ್ಚಿ ಹಿಡಿಯುತ್ತದೆ. ಬೆರಳಿನಷ್ಟೂ ದಪ್ಪವಿಲ್ಲದ ರಬ್ಬರ್ ಪೈಪನ್ನು ಕಿತ್ತರೆ ಸಾಕು, ಎಂಜಿನ್ ಚಾಲೂ ಇರುವಾಗಲೇ ಹೊರಗಿನ ಪುಟ್ಟ ತೋಳು ಟಕ್ಕೆಂದು ತಿರುಗಿ, ಮರುಕ್ಷಣವೇ ಸದ್ದು ಗಡುಸಾಗುತ್ತದೆ. ಕಿತ್ತ ಪೈಪಿನ ಎಂಜಿನ್ ಕಡೆಯ ತುದಿಯನ್ನು ಬಿಗಿಯಾಗಿ ಮುಚ್ಚಲೇಬೇಕು. ಇಲ್ಲವಾದರೆ ಅಳತೆಗೆ ಸಿಗದ ಗಾಳಿ ಒಳಗೆ ಸೇರಿ ಐಡ್ಲಿಂಗ್ ಏರುಪೇರಾಗಬಹುದು, ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ದೀಪವೂ ಹೊತ್ತಿಕೊಳ್ಳಬಹುದು. ಆಸ್ಟನ್ ಮಾರ್ಟಿನ್ ವಿ8 ವಾಂಟೇಜ್ ಮಾಲೀಕರ ನಡುವೆ ಇದಕ್ಕಿಂತಲೂ ಸುಲಭವಾದ ಉಪಾಯವೊಂದು ಪ್ರಸಿದ್ಧವಾಗಿದೆ: 22ನೇ ಫ್ಯೂಸ್ ತೆಗೆದುಬಿಡುವುದು. ಮೋಟಾರ್ ಬಗೆಯ ವಾಲ್ವಿಗೆ ಇಂಥ ಸಲೀಸು ದಾರಿ ಕಡಿಮೆ, ಏಕೆಂದರೆ ಅದು ತನ್ನ ಸ್ಥಿತಿಯನ್ನು ಕಂಪ್ಯೂಟರಿಗೆ ವರದಿ ಮಾಡುವುದುಂಟು. ಪ್ಲಗ್ ಕಿತ್ತರೆ ದೋಷ ದಾಖಲಾಗುತ್ತದೆ.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು, ನನ್ನ ತಕರಾರು ಇರುವುದೂ ಅಲ್ಲಿಯೇ. ಆಕ್ಸಿಲರೇಟರ್ ಒತ್ತಿದಾಗ ಕೇಳುವ ಸದ್ದು ಒಂದು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಕಿವಿಯನ್ನು ತುಂಬುವ ಗುಂಯ್‌ಗುಡುವಿಕೆ ಇನ್ನೊಂದು. ನಾಲ್ಕು ಸ್ಟ್ರೋಕಿನ ವಿ8 ಎಂಜಿನ್ ಒಂದು ಸುತ್ತಿಗೆ ನಾಲ್ಕು ಬಾರಿ ಉರಿಯುತ್ತದೆ. 2,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಅದು ಸೆಕೆಂಡಿಗೆ ಸುಮಾರು 133 ಬಾರಿ. ಈ ಕಂಪನ ಕಾರಿನ ಒಳಾಂಗಣದ ಸ್ವಾಭಾವಿಕ ಕಂಪನಕ್ಕೆ ಹೊಂದಿಕೊಂಡರೆ ಹಿಂಬದಿಯ ಕನ್ನಡಿಯಲ್ಲಿ ಕಾಣುವ ರಸ್ತೆ ಅದುರಿ ಮಸುಕಾಗುತ್ತದೆ, ಪಕ್ಕದಲ್ಲಿ ಕುಳಿತವರೊಡನೆ ಮಾತಾಡಲು ಗಂಟಲೆತ್ತಬೇಕಾಗುತ್ತದೆ. ಇದನ್ನು ತಗ್ಗಿಸಲು ಒಂದು ತುದಿ ಮುಚ್ಚಿದ ಅಡ್ಡಕೊಳವೆಯನ್ನು ಎಕ್ಸಾಸ್ಟ್ ಪೈಪಿಗೆ ಕೂಡಿಸುವುದುಂಟು. ಹೊಗೆ 400 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರಲ್ಲಿ ಶಬ್ದ ಸೆಕೆಂಡಿಗೆ 520 ಮೀಟರ್ ಆಸುಪಾಸಿನಲ್ಲಿ ಚಲಿಸುವುದರಿಂದ, 133 ಹರ್ಟ್ಸ್‌ಗೆ (ಸೆಕೆಂಡಿಗೆ 133 ಕಂಪನ) ಬೇಕಾದ ಕೊಳವೆಯ ಉದ್ದ, ಅಂದರೆ ಶಬ್ದತರಂಗದ ಉದ್ದದ ಕಾಲು ಭಾಗ, ಹತ್ತಿರಹತ್ತಿರ ಒಂದು ಮೀಟರ್. ಕಾರಿನ ಅಡಿಯಲ್ಲಿ ಅಷ್ಟು ಜಾಗ ಹುಡುಕುವುದೇ ಒಂದು ತಲೆನೋವು.

ಹಾಗಾಗಿ ಸದಾ ತೆರೆದಿಡುವುದಕ್ಕಿಂತ, ಬೇಕೆಂದಾಗ ತೆರೆಯುವ ಹಿಡಿತ ನಮ್ಮ ಕೈಯಲ್ಲಿರುವುದು ಮೇಲೆನ್ನಿಸಿ, ವ್ಯಾಕ್ಯೂಮ್ ಪೈಪಿನ ನಡುವೆ ಮೂರು ಬಾಯಿಗಳ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ಪುಟ್ಟ ಕವಾಟ, ಒಂದನ್ನು ಸೇರಿಸಿದ್ದೇನೆ. ಸ್ವಿಚ್ ಆಫ್ ಇರುವಾಗ ಅದು ಬರಿಯ ಪೈಪಿನಂತೆ ವ್ಯಾಕ್ಯೂಮನ್ನು ಮುಂದಕ್ಕೆ ಬಿಡುತ್ತದೆ, ಕಾರು ಕಂಪನಿಯವರು ಕೊಟ್ಟ ರೀತಿಯಲ್ಲೇ ವರ್ತಿಸುತ್ತದೆ. ಸ್ವಿಚ್ ಹಾಕಿದಾಗ ಎಂಜಿನ್ ಕಡೆಯ ಬಾಯಿ ತಾನೇ ಮುಚ್ಚಿ, ವಾಲ್ವ್ ಕಡೆಗೆ ಹೊರಗಿನ ಗಾಳಿ ನುಗ್ಗಿ, ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತದೆ. ಕಾರಿನ ಮೂಲ ವೈರಿಂಗನ್ನು ಮುಟ್ಟುವ ಪ್ರಮೇಯವೇ ಇಲ್ಲದ್ದರಿಂದ ಕಂಪ್ಯೂಟರಿಗೆ ದೂರು ಹೇಳಲು ಕಾರಣವೂ ಇಲ್ಲ. ಬೆಳಗಿನ ಜಾವ ಮನೆಯಿಂದ ಹೊರಡುವಾಗ ಸ್ವಿಚ್ ಆಫ್ ಇರುತ್ತದೆ, ನೆರೆಹೊರೆಯವರ ನಿದ್ದೆಯೂ ಉಳಿಯುತ್ತದೆ.

ಇದರಿಂದ ಶಕ್ತಿ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಹೆಚ್ಚಿನ ಆರ್‌ಪಿಎಂನಲ್ಲಿ ಕಂಪನಿಯೇ ವಾಲ್ವನ್ನು ತೆರೆಯುವ ಕಾರಿನಲ್ಲಿ ಗರಿಷ್ಠ ಶಕ್ತಿ ಹೆಚ್ಚಲು ಕಾರಣವೇ ಇಲ್ಲ. ವೇಗ ಹೆಚ್ಚಿದಂತೆ ಅನ್ನಿಸುವುದು ಬಹುಪಾಲು ಕಿವಿಯ ಮಾತು.

ಸದಾ ಒಂದೇ ಸ್ಥಿತಿಯಲ್ಲಿ ನಿಂತ ವಾಲ್ವಿನ ಕಡ್ಡಿ ಮಸಿ ಮತ್ತು ತುಕ್ಕಿನಿಂದ ಜಾಮ್ ಆಗುವ ಸಾಧ್ಯತೆ ಇರುವುದರಿಂದ ಆಗಾಗ ಅದನ್ನು ಆಡಿಸಬೇಕು. ಒಬ್ಬರು ಒಳಗೆ ಕುಳಿತು ಸ್ವಿಚ್ ಒತ್ತುವಾಗ ಇನ್ನೊಬ್ಬರು ಹಿಂದಿನಿಂದ ಬಗ್ಗಿ ನೋಡಿ, ತೋಳು ಎರಡೂ ತುದಿಗೆ ಪೂರ್ತಿಯಾಗಿ ತಿರುಗುತ್ತಿದೆಯೇ ಎಂದು ಗಮನಿಸಿದರೆ ಸಾಕು. ಬಿಗಿಯೆನಿಸಿದರೆ ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ, ಹೆಚ್ಚಿನ ಶಾಖ ತಡೆಯುವ ಗ್ರೀಸನ್ನೇ ಹಚ್ಚಬೇಕು. ಮಾಮೂಲಿ ಎಣ್ಣೆ ಅಲ್ಲಿನ ಬಿಸಿಗೆ ಸುಟ್ಟು ಕರಿಯಾಗಿ, ಕಡ್ಡಿಯನ್ನು ಮತ್ತಷ್ಟು ಹಿಡಿದುಬಿಡುತ್ತದೆ.